ಎರಡು ಎಣಿಕೆ ಹೆಚ್ಚು

ಹೋದ ವಾರ ನಮ್ಮ ಎಮ್ಮೆಗೆ ಶೇಂಗಾ ಹಿಂಡಿ ತರಲು ಹೋಗಿದ್ದೆ. ಅಂಗಡಿಯವನು ಮೂಟೆಯ ಬಾಯಿ ಬಿಚ್ಚಿ, ಒಂದು ಹೋಳು ಮುರಿದು, "ಮೂಸಿ ನೋಡ್ರಿ, ಹೊಸ ಮಾಲು" ಎಂದು ನನ್ನ ಮೂಗಿಗೇ ಹಿಡಿದ. ಮೂಸಿದೆ. ಹಿಂಡಿ ಹೊಸದೋ ಹಳೆಯದೋ ಗೊತ್ತಾಗಲಿಲ್ಲ, ನೆನಪಾದದ್ದು ನಮ್ಮ ಹಳೆಯ ಬ್ಯಾಂಡು. ಎಂಟು ವರ್ಷದ ಹಿಂದೆ ಚಳ್ಳಕೆರೆಯ ಒಂದು ಮುಚ್ಚಿಹೋದ ಎಣ್ಣೆ ಮಿಲ್ಲಿನ ಗೋಡೌನಿನಲ್ಲಿ ನಾವು ನಾಲ್ಕು ಜನ ಸೇರಿ ಬ್ಯಾಂಡು ಕಟ್ಟಿದ್ದೆವು. ಎಷ್ಟು ಗುಡಿಸಿದರೂ ಅಲ್ಲಿಂದ ಈ ವಾಸನೆ ಹೋಗುತ್ತಿರಲಿಲ್ಲ. ಕೀಬೋರ್ಡಿನ ಸಂದಿಗೂ ಹಿಡಿದಿತ್ತು, ನನ್ನ ಅಂಗಿಗೂ ಹಿಡಿದಿತ್ತು. ಭಾನುವಾರ ಮಧ್ಯಾಹ್ನ ಮನೆಗೆ ಹೋದರೆ ಅವ್ವ, "ಬಂತು ನೋಡು ಗಾಣದೆತ್ತು" ಎನ್ನುತ್ತಿದ್ದಳು.

ಬ್ಯಾಂಡು ಎಂದರೆ ದೊಡ್ಡದೇನನ್ನೋ ಊಹಿಸಿಕೊಳ್ಳಬೇಡಿ. ನಾನು ಕೀಬೋರ್ಡು. ಹೊಟ್ಟೆಪಾಡಿಗೆ ಮಾರ್ಕೆಟ್ ಯಾರ್ಡಿನ ಒಂದು ಮಂಡಿಯಲ್ಲಿ ಗುಮಾಸ್ತ, ಈಗಲೂ ಅದೇ. ಬಸ್ ಸ್ಟ್ಯಾಂಡಿನ ಹಿಂದೆ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ದಾದಾಪೀರ್, ನಮ್ಮೆಲ್ಲರ ದಾದು, ಗಿಟಾರು. ದೊಡ್ಡಉಳ್ಳಾರ್ತಿಯ ಓಬಳೇಶ ಹಾಡುಗಾರ, ಪರಶುರಾಂಪುರದ ಒಂದು ಶಾಲೆಯಲ್ಲಿ ಮೇಷ್ಟ್ರು. ಅವನ ಗಂಟಲಿಗೆ ದೇವರು ಏನೇನೋ ಹಾಕಿ ಕಳಿಸಿದ್ದ, ಟೈಮಿಗೆ ಬರುವ ಬುದ್ಧಿ ಒಂದನ್ನು ಹಾಕಲು ಮರೆತಿದ್ದ. ನಾಲ್ಕನೆಯವನು ನರಸಣ್ಣ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವನು, ನಮಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವನು, ಮನೆಮಾತು ತೆಲುಗು. ಅಲ್ಲಿನ ಭಜನೆಯವರ ಜೊತೆ ಡೋಲಕ್ ಬಾರಿಸುತ್ತಿದ್ದ. ಯಾವಾಗಲೋ ಫೋನು ರಿಪೇರಿಗೆ ಬಂದವನು ಕಾಯುತ್ತಾ ಗಾಜಿನ ಕೌಂಟರಿನ ಮೇಲೆ ಬೆರಳಾಡಿಸುತ್ತಿದ್ದನಂತೆ. ದಾದು ಕೇಳಿ, ಫೋನು ಪಕ್ಕಕ್ಕಿಟ್ಟು, ಅವನನ್ನೇ ನನ್ನ ಹತ್ತಿರ ಎಳೆದುಕೊಂಡು ಬಂದ.

ಆಷಾಢದ ಗಾಳಿ ಶುರುವಾಗಿತ್ತು. ನಮ್ಮ ಕಡೆಯ ಗಾಳಿಗೆ ಬಾಯಿ ಬಿಟ್ಟರೆ ಹಲ್ಲಿನ ಸಂದಿಯಲ್ಲಿ ಮಣ್ಣು. ಗೋಡೌನಿನ ತಗಡು ದಿನವಿಡೀ ಪಟಪಟ ಬಡಿದುಕೊಳ್ಳುತ್ತಿತ್ತು. ಮೊದಲ ನಾಲ್ಕು ಭಾನುವಾರ ನಾವು ಒಂದೇ ಒಂದು ಹಾಡು ನುಡಿಸಲಿಲ್ಲ, ಬ್ಯಾಂಡಿಗೆ ಹೆಸರು ಹುಡುಕಿದೆವು. "ಶೇಂಗಾ ಬ್ರದರ್ಸ್ ಅಂತ ಇಡ್ರೋ, ಭಾಯ್, ವಾಸನೆಗೂ ಮ್ಯಾಚಾಗ್ತೈತೆ" ಎಂದ ದಾದು. ನಾನು ಸಿಟ್ಟಾದೆ. ನನಗೆ ಆಗ ಬ್ಯಾಂಡು ಅಂದರೆ ತಮಾಷೆಯಾಗಿರಲಿಲ್ಲ. ಕೊನೆಗೆ ನಾನೇ 'ನಾದಸಾಗರ' ಎಂದು ಇಟ್ಟೆ. ಕೆರೆಗೇ ನೀರು ಬಾರದ ಊರಿನಲ್ಲಿ ಸಾಗರ! ಹೆಸರಾದ ಮೇಲೆ ವಿಸಿಟಿಂಗ್ ಕಾರ್ಡು. ಕಾರ್ಡಾದ ಮೇಲೆ ಬೆನ್ನಿಗೆ ಹೆಸರು ಬರೆಸಿದ ಕಪ್ಪು ಟೀಶರ್ಟು. ಹಾಡು ಒಂದೂ ಇಲ್ಲ, ಟೀಶರ್ಟು ನಾಲ್ಕು. ನರಸಣ್ಣ ತನ್ನದನ್ನು ಮಡಿಚಿ ಚೀಲದಲ್ಲಿಟ್ಟುಕೊಂಡು, "ಪ್ರೋಗ್ರಾಂ ದಿನ ಹಾಕ್ಕೊಂತೀನಿ" ಎಂದ. ನಾವು ಮೂವರು ಅದನ್ನು ಹಾಕಿಕೊಂಡೇ ಟೀ ಅಂಗಡಿಗೆ ಹೋಗುತ್ತಿದ್ದೆವು.

ಪ್ರಾಕ್ಟೀಸು ಬೆಳಿಗ್ಗೆ ಹತ್ತಕ್ಕೆ. ಗೋಡೌನಿನ ಬೀಗದ ಕೈ ನನ್ನ ಹತ್ತಿರ. ಮೊಳಕಾಲ್ಮೂರಿನಿಂದ ಹಾನಗಲ್, ತಳಕು ದಾಟಿ ಚಳ್ಳಕೆರೆಗೆ ಬಸ್ಸಿನಲ್ಲಿ ಹತ್ತಿರ ಹತ್ತಿರ ಒಂದೂವರೆ ಗಂಟೆ. ಆದರೂ ಒಂಬತ್ತೂವರೆಗೆ ನರಸಣ್ಣ ಬಂದು, ಹಳೆಯ ತೂಕದ ಕಟ್ಟೆಯ ಮೇಲೆ ಡೋಲಕ್ಕನ್ನು ತೊಡೆಗೆ ಆನಿಸಿಕೊಂಡು ಕೂತಿರುತ್ತಿದ್ದ. ನಡೆದರೆ ಹತ್ತು ನಿಮಿಷದ ದೂರದಲ್ಲಿದ್ದ ನಾನು ಹೋಗುವುದು ಹತ್ತೂಮುಕ್ಕಾಲಿಗೆ. ದಾದು ಹನ್ನೊಂದಕ್ಕೆ. ಓಬಳೇಶ ಬಂದಾಗ ಬಂದ. ಅಷ್ಟಾದ ಮೇಲೆ ನನ್ನ ಭಾಷಣ: "ನೋಡ್ರಪ್ಪ, ಮೇಲೆ ಬರಬೇಕು ಅಂದ್ರೆ ಶ್ರದ್ಧೆ ಬೇಕು, ತ್ಯಾಗ ಬೇಕು." ನರಸಣ್ಣ ಹೌದು ಹೌದೆಂದು ತಲೆ ಆಡಿಸುತ್ತಿದ್ದ. ಆ ತಲೆ ನೋಡಿಕೊಂಡೂ ನನಗೆ ನಾಚಿಕೆ ಆಗಲಿಲ್ಲವಲ್ಲ, ಅದು ಈಗ ಆಗುತ್ತಿದೆ.

ಯಾರನ್ನೂ ಬೈಯುವ ಹಾಗೂ ಇರಲಿಲ್ಲ ಬಿಡಿ. ಹಳ್ಳಿಯವರೆಲ್ಲ ಪೇಟೆಗೆ ಬರುವ ಭಾನುವಾರವೇ ದಾದುವಿನ ಅಂಗಡಿಗೆ ಜನ. ಓಬಳೇಶನ ಅಪ್ಪನಿಗೆ ಮಂಡಿನೋವು, ಶಾಲೆಗೆ ರಜೆ ಎಂದರೆ ಮಗನೇ ಕುರಿ ಬಿಟ್ಟುಕೊಂಡು ಹೋಗಬೇಕು. ಎಷ್ಟೋ ಸಲ ಅವನು ಬಂದಾಗ ಪ್ಯಾಂಟಿನ ತುಂಬ ಹುಲ್ಲಿನ ಮುಳ್ಳು ಅಂಟಿರುತ್ತಿತ್ತು. ನನಗೆ ಮಾತ್ರ ಯಾವ ಕಾರಣವೂ ಇರಲಿಲ್ಲ. ನಾನು ಸುಮ್ಮನೆ ಮಲಗಿರುತ್ತಿದ್ದೆ. ಮಲಗಿಕೊಂಡು ದೊಡ್ಡ ದೊಡ್ಡ ವೇದಿಕೆಗಳನ್ನು ಯೋಚಿಸುತ್ತಿದ್ದೆ.

ಶ್ರಾವಣದಲ್ಲಿ ಎರಡು ಹದ ಮಳೆ ಬಿತ್ತು. ಒಂದು ಭಾನುವಾರ ಪ್ರಾಕ್ಟೀಸಿನ ನಡುವೆಯೇ ಹೊಡೆಯಿತು. ತಗಡಿನ ಮೇಲೆ ಆ ಸದ್ದಿಗೆ ನಮಗೆ ನಾವೇ ಕೇಳಿಸದೆ, ನಿಲ್ಲಿಸಿ ಬಾಗಿಲಿಗೆ ಬಂದು ನಿಂತೆವು. ಎಷ್ಟು ತಿಂಗಳಾದ ಮೇಲಿನ ಮಳೆ! ಓಬಳೇಶ ಅಲ್ಲೇ ನಿಂತು, ಕಾವಲಿನ ಹುಲ್ಲುಬಯಲಲ್ಲಿ ಮಳೆಗೆ ಕಾಯುವ ಕುರಿಗಾಹಿಯ ಮೇಲೆ ನಾಲ್ಕು ಸಾಲು ಕಟ್ಟಿದ. ಮಳೆ ನಿಂತ ಮೇಲೆ ನಾನು ರಾಗ ಕೂಡಿಸಿದೆ. ಪಲ್ಲವಿಯ ಕೊನೆಯಲ್ಲಿ 'ಬಾ' ಎಂದು ಮಳೆಯನ್ನು ಕರೆಯುವ ಜಾಗ. ಓಬಳೇಶ ಅದನ್ನು ಎಳೆದರೆ ಎದೆ ಝುಂ ಎನ್ನುತ್ತಿತ್ತು. ನರಸಣ್ಣ ಕಣ್ಣು ಮುಚ್ಚಿಕೊಂಡು ಬಾರಿಸಿದ. ಅದು ನಮ್ಮ ಸ್ವಂತ ಹಾಡು, ಆ ವರ್ಷ ನಾವು ಮಾಡಿದ ಒಂದೇ ಹಾಡು. ಗಣಪತಿ ಹಬ್ಬಕ್ಕೆ ನಮ್ಮ ಬೀದಿಯ ಪೆಂಡಾಲಿನಲ್ಲಿ ಅದನ್ನು ಹಾಡಿದಾಗ ಜನ ಇನ್ನೊಂದು ಸಲ ಹಾಡಿಸಿದರು. ನನ್ನ ತಲೆ ತಿರುಗಿದ್ದು ಅವತ್ತೇ.

ಅದಾಗಿ ಸ್ವಲ್ಪ ದಿನಕ್ಕೆ ಒಂದು ಟೀವಿ ಚಾನೆಲ್ಲಿನವರು ಹವ್ಯಾಸಿ ಬ್ಯಾಂಡುಗಳಿಗೆ ದಾವಣಗೆರೆಯಲ್ಲಿ ಆಯ್ಕೆ ನಡೆಸುತ್ತಾರೆಂದು ಗೊತ್ತಾಯಿತು. ಸ್ವಂತ ಹಾಡೊಂದು ಇರಬೇಕು, ದೀಪಾವಳಿ ಕಳೆದ ಮೇಲಿನ ಭಾನುವಾರ ಬರಬೇಕು. ಅವ್ವ ಆಗಲೇ ಹೇಳಿಯಾಗಿತ್ತು: "ಈ ವರ್ಷ ಒಂದು ನೋಡ್ತೀನಿ. ಏನೂ ಆಗ್ಲಿಲ್ಲ ಅಂದ್ರೆ ಆ ಪೆಟ್ಟಿಗೆ ಅಟ್ಟಕ್ಕೆ ಹಾಕಿ ಮದ್ವೆ ಆಗ್ಬೇಕು ನೀನು." ನನಗೆ ಮೂವತ್ತು. ಮಂಡಿಯ ಲೆಕ್ಕ ಬರೆಯುತ್ತಲೇ ಮುದುಕನಾಗುತ್ತೇನೆ ಎಂಬ ಹೆದರಿಕೆ ಹೊತ್ತಲ್ಲದ ಹೊತ್ತಲ್ಲಿ ಬಂದು ಕೂರುತ್ತಿತ್ತು. ದಾವಣಗೆರೆ ಒಂದೇ ದಾರಿ ಎಂದುಕೊಂಡೆ.

ಆಗ ಓಬಳೇಶ ದಾದುವಿನ ಅಂಗಡಿಗೆ ಒಂದು ಸುದ್ದಿ ತಂದ. ದಾವಣಗೆರೆಯ ಆರ್ಕೆಸ್ಟ್ರಾಗಳಲ್ಲಿ ರಿದಂ ಪ್ಯಾಡ್ ನುಡಿಸುವ ಒಬ್ಬ ನಮ್ಮ ಜೊತೆ ಬರಲು ಒಪ್ಪಿದ್ದಾನೆ. ಕೂದಲಿಗೆ ಬಣ್ಣ, ಕೈಯಲ್ಲಿ ಕಡಗ, ಪ್ಯಾಡಿನಲ್ಲಿ ಇಲ್ಲದ ಸದ್ದಿಲ್ಲ. "ಟೀವೀಲಿ ಡೋಲಕ್ ಇಟ್ಕೊಂಡು ಕೂತ್ರೆ ಭಜನೆ ಅಂತಾರೆ ಕಣೋ" ಎಂದ. ದಾದು, "ಲೇ, ನರಸಣ್ಣಂಗೆ ಯಾರೋ ಹೇಳೋರು? ನಾನಂತೂ ಹೇಳಲ್ಲ ನೋಡು" ಎಂದು ಸ್ಕ್ರೂಡ್ರೈವರು ಕೆಳಗಿಟ್ಟ. ನಾನು ಲೀಡರು. ಫೋನಿನಲ್ಲಿ ಹೇಳುವಷ್ಟು ಕಟುಕ ನಾನಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡು, ಒಂದು ಬುಧವಾರ ರಜೆ ಹಾಕಿ ಮೊಳಕಾಲ್ಮೂರಿನ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಶೇಂಗಾ ಕೀಳುತ್ತಿದ್ದರು. ಗುಡ್ಡದ ಬಂಡೆಗಳು ಕಾದು ಬೆಳ್ಳಗೆ ಕಾಣುತ್ತಿದ್ದವು. ಕೇಳಿಕೊಂಡು ಹೋದರೆ ನರಸಣ್ಣನ ಮನೆ ಸಿಕ್ಕಿತು. ಒಳಗೆ ಅರ್ಧ ಜಾಗ ಮಗ್ಗಕ್ಕೇ ಹೋಗಿತ್ತು. ಗುಂಡಿಯಲ್ಲಿ ಕಾಲು ಬಿಟ್ಟುಕೊಂಡು, ಒಂದೇ ಹಲಗೆಯ ಮೇಲೆ ಗಂಡ ಹೆಂಡತಿ ಪಕ್ಕಪಕ್ಕ ಕೂತು ನೇಯುತ್ತಿದ್ದರು. ಸೀರೆಯ ಒಡಲು ಮಾವಿನ ಚಿಗುರಿನ ಬಣ್ಣ, ಅಂಚು ಕುಂಕುಮದ ಬಣ್ಣ. ಒಡಲಿನ ಲಾಳಿ ನರಸಣ್ಣನದು, ಅಂಚಿನ ಲಾಳಿ ಹೆಂಡತಿ ಲಕ್ಷ್ಮಕ್ಕನದು. ಅವನು ಎಸೆದ ಎಳೆಯನ್ನು ಇವಳ ಎಳೆ ಹಿಡಿದುಕೊಳ್ಳಬೇಕು, ಪ್ರತಿ ಸಾಲಿಗೂ. ಇಬ್ಬರೂ ಮಾತಾಡುತ್ತಿರಲಿಲ್ಲ, ಒಬ್ಬರ ಮುಖ ಒಬ್ಬರು ನೋಡುತ್ತಲೂ ಇರಲಿಲ್ಲ.

"ಅರೆ, ಮಂಜಣ್ಣ! ಏನು ಈ ಕಡೆ? ಬರ್ರಿ ಬರ್ರಿ" ಎಂದು ನರಸಣ್ಣ ಹಿಗ್ಗಿದ. ಹೆಂಡತಿಯ ಕಡೆ ತಿರುಗಿ "ನೀಳ್ಳು ತೇ" ಎಂದ. ಲಕ್ಷ್ಮಕ್ಕ ಎದ್ದು ನೀರು ತಂದುಕೊಟ್ಟು, ಟೀ ಇಡಲು ಒಳಗೆ ಹೋದಳು. ಮಗ್ಗ ನಿಂತಿತು.

"ನೀವು ನೇಯ್ರಿ, ನನಗೋಸ್ಕರ ನಿಲ್ಲಿಸ್ಬೇಡ್ರಿ" ಎಂದೆ.

"ಒಬ್ಬನೇ ಹೆಂಗೆ ನೇಯ್ಲಿ? ಇಬ್ರು ಕೂತ್ರೇನೇ ಈ ಸೀರೆ. ಬರ್ರಿ, ಇಲ್ಲಿ ಕೂರ್ರಿ, ಟೀ ಕಾಯೋವರ್ಗೂ ನಾಕು ಎಳೆ ಹಾಕಣ."

ಬೇಡ ಬೇಡವೆಂದರೂ ಕೂರಿಸಿದ. ನಾಲ್ಕು ಎಳೆಗೆ ನಾನು ಮೂರು ಸಲ ತಪ್ಪಿದೆ. ಒಂದು ಸಲ ಬೇಗ ಹಾಕಿದೆ, ಒಂದು ಸಲ ಅವನ ಲಾಳಿ ಬಂದು ಕಾಯುತ್ತಿದ್ದರೂ ಹಾಕಲಿಲ್ಲ, ಇನ್ನೊಂದು ಸಲ ಲಾಳಿಯನ್ನೇ ಗುಂಡಿಗೆ ಬೀಳಿಸಿದೆ. ಅವನು ಬೇಸರವಿಲ್ಲದೆ ಒಂದೊಂದೇ ಎಳೆ ಬಿಚ್ಚಿ ಹಿಂದಕ್ಕೆ ತಂದ.

"ನರಸಣ್ಣ, ಹಂಗಾದ್ರೆ ಭಾನುವಾರ ನೀವು ಚಳ್ಳಕೆರೆಗೆ ಬಂದ್ರೆ?"

"ಮಗ್ಗ ನಿಲ್ತೈತೆ."

ಟೀ ಹಿಡಿದುಕೊಂಡು ಬಂದ ಲಕ್ಷ್ಮಕ್ಕ ಹೇಳಿದಳು: "ಅದ್ಕೇ ಶನಿವಾರ ಕೋಳಿಗಿಂತ ಮುಂಚೆ ಏಳ್ತೀವಿ. ಇವ್ರು ಹೋಗ್ಲೇಬೇಕು, ಅಲ್ಲಿ ಮೂರು ಜನ ಕಾಯ್ತಿರ್ತಾರೆ ಅಂತಾರೆ."

ಮೂರು ಜನ ಕಾಯ್ತಿರ್ತಾರೆ! ಅವಳಿಗೆ ಅವನು ಹಾಗೆ ಹೇಳಿದ್ದ. ಟೀ ಲೋಟ ಕೆಳಗಿಟ್ಟೆ. ಅಲ್ಲೇ ಎದ್ದು, ಸುಮ್ಮನೆ ನೋಡಿ ಹೋಗೋಣ ಅಂತ ಬಂದೆ ಎಂದು ಹೇಳಿ ವಾಪಸು ಬಂದಿದ್ದರೆ ನಾನೊಂದಿಷ್ಟು ಮನುಷ್ಯ ಎನ್ನಿಸಿಕೊಳ್ಳುತ್ತಿದ್ದೆ. ಬರಲಿಲ್ಲ. ಹೇಳಿಯೇಬಿಟ್ಟೆ. ಟೀವಿ, ಪ್ಯಾಡು, ಕಾಲಕ್ಕೆ ತಕ್ಕ ಹಾಗೆ ಎಂದೆಲ್ಲ ಸುತ್ತಿ ಬಳಸಿ.

ಲಕ್ಷ್ಮಕ್ಕ, "ಇಷ್ಟು ದಿನ ಬಸ್ಸಲ್ಲಿ ಅಲೆದಿದ್ದು ಇದ್ಕೇನಾ?" ಎಂದು ತಟ್ಟೆಯನ್ನು ಠಣ್ಣೆಂದು ಕುಕ್ಕಿದಳು. ನರಸಣ್ಣ "ಊರುಕೋ" ಎಂದು ಮೆಲ್ಲಗೆ ಅವಳನ್ನು ಸುಮ್ಮನಾಗಿಸಿದ. ಆಮೇಲೆ ನನ್ನ ಕಡೆ ನೋಡದೆ ಒಂದು ಎಳೆಯ ಗಂಟು ಬಿಗಿದು ಹೇಳಿದ: "ಪ್ಯಾಡು ಚೆನ್ನಾಗಿರ್ತೈತೆ. ಟೀವಿಗೆ ಅದೇ ಸರಿ. ಆದ್ರೆ ಆ ಹುಡುಗಂಗೆ ಒಂದು ತೋರಿಸ್ಬೇಕು ಮಂಜಣ್ಣ. ಹಾಡಲ್ಲೊಂದು ಜಾಗ ಐತೆ. ಬಾಯಲ್ಲಿ ಹೇಳಿದ್ರೆ ಬರಲ್ಲ, ಕೈಲೇ ತೋರಿಸ್ಬೇಕು. ಈ ಭಾನುವಾರ ಒಂದು ಬರ್ತೀನಿ."

ಬಂದ. ಒಂಬತ್ತೂವರೆಗೇ ಬಂದಿರಬೇಕು. ಅವತ್ತೂ ನಾನು ಹೋಗಿದ್ದು ಹತ್ತೂವರೆಯ ಮೇಲೆ. ಪ್ಯಾಡಿನವನಿಗೆ ಎಲ್ಲೋ ಮದುವೆ ಆರ್ಕೆಸ್ಟ್ರಾ, ಬರಲಿಲ್ಲ. ಓಬಳೇಶನೂ ಬರಲಿಲ್ಲ. ದಾದು ಬಂದು, ನರಸಣ್ಣನ ಮುಖ ನೋಡಲಾರದೆ ಅಂಗಡಿ ನೆಪ ಹೇಳಿ ಹೋದ. ನರಸಣ್ಣ ಮಧ್ಯಾಹ್ನ ಒಂದು ಗಂಟೆಯವರೆಗೂ ಕಾದು, ಡೋಲಕ್ಕನ್ನು ಚೀಲಕ್ಕೆ ಹಾಕಿಕೊಂಡ. "ನಿಮಗಾದ್ರೂ ತೋರಿಸ್ಲಾ?" ಎಂದ. "ಬಿಡ್ರಿ ನರಸಣ್ಣ, ನನ್ನ ಹಾಡು ನನಗೆ ಗೊತ್ತಿಲ್ವಾ, ನಾನು ನೋಡ್ಕೊಂತೀನಿ" ಎಂದೆ. ನನಗೆ ಮನೆಗೆ ಹೋಗಿ ಉಣ್ಣಬೇಕಿತ್ತು.

ಆಯ್ಕೆಯ ಭಾನುವಾರ ಬೆಳಿಗ್ಗೆ ಆರೂವರೆಗೆ ಪ್ಯಾಡಿನವನು ಮೆಸೇಜು ಹಾಕಿದ. ದೊಡ್ಡ ಆರ್ಕೆಸ್ಟ್ರಾ ಒಂದು ಕರೆದಿದೆ, ಸಾರಿ ಬ್ರದರ್. ಮರ್ಯಾದೆ ಗಿರ್ಯಾದೆ ಎಲ್ಲ ಬಿಟ್ಟು ನರಸಣ್ಣನಿಗೆ ಫೋನು ಹಚ್ಚಿದೆ. ಅವನು ಬರುತ್ತಾನೆಂಬುದರಲ್ಲಿ ನನಗೆ ಕಾಳಿನಷ್ಟೂ ಅನುಮಾನ ಇರಲಿಲ್ಲ. ಬಾರದೆ ಇರುವುದು ಅವನಿಗೆ ಗೊತ್ತೇ ಇರಲಿಲ್ಲವಲ್ಲ.

"ಇವತ್ತು ಆಗಲ್ಲ ಮಂಜಣ್ಣ" ಎಂದ. "ಪಕ್ಕದ ಮನೆ ತಿಮ್ಮಪ್ಪಜ್ಜನ ಮಗ ಬಿದ್ದು ಕೈ ಮುರ್ಕೊಂಡವ್ನೆ. ಅಜ್ಜನ ಮಗ್ಗದಲ್ಲಿ ಸೀರೆ ಅರ್ಧಕ್ಕೆ ನಿಂತೈತೆ. ಹೆಂಗೂ ನಂಗೆ ಭಾನುವಾರ ಬಿಡುವಾಯ್ತಲ್ಲ, ಜೊತೆಗೆ ಕೂರ್ತೀನಿ ಅಂತ ಹೇಳ್ಬಿಟ್ಟೀನಿ."

"ಅಯ್ಯೋ, ಒಂದಿನ ನರಸಣ್ಣ! ಒಂದೇ ಒಂದಿನ!"

"ಅಜ್ಜಂಗೂ ನಾನು ಕೊಟ್ಟಿರೋದು ವಾರಕ್ಕೆ ಒಂದೇ ದಿನ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ನಾನು ಮಾತ್ರ ಫೋನಿಟ್ಟು, ಇಂಥವರಿಂದಲೇ ನಾವು ಉದ್ಧಾರ ಆಗದೆ ಇರೋದು ಎಂದು ಕೂಗಾಡಿದೆ. ಗಿಟಾರು ಹೊತ್ತು ಆಗಲೇ ಬಂದಿದ್ದ ದಾದು ನನ್ನನ್ನೇ ನೋಡಿ, "ಥೂ ನಿನ್ನ, ಸುಮ್ನಿರೋ" ಎಂದ.

ಮೂವರೇ ಹೋದೆವು, ಕಪ್ಪು ಟೀಶರ್ಟು ಹಾಕಿಕೊಂಡು. ಕೀಬೋರ್ಡಿನೊಳಗೇ ತಾಳ ಇರುತ್ತದಲ್ಲ, ಒಂದು ಗುಂಡಿ ಒತ್ತಿದರೆ ತಾನೇ ಬಡಿದುಕೊಳ್ಳುತ್ತಾ ಹೋಗುತ್ತದೆ, ಅದನ್ನೇ ನಂಬಿದೆ. ಹಾಡು ಚೆನ್ನಾಗಿಯೇ ಎದ್ದಿತು. ಪಲ್ಲವಿಯ ಕೊನೆ ಬಂತು. ಓಬಳೇಶ 'ಬಾ' ಎಂದು ಎಳೆದ, ಎದೆ ತುಂಬಿ ಎಳೆದ. ಉಸಿರು ತೆಗೆದುಕೊಂಡು ಮುಂದಿನ ಸಾಲಿಗೆ ಬರುವಷ್ಟರಲ್ಲಿ ತಾಳ ಮುಂದಕ್ಕೆ ಹೋಗಿಬಿಟ್ಟಿತ್ತು. ಅವನು ಓಡಿ ಹಿಡಿಯಲು ನೋಡಿದ, ದಾದು ಎಲ್ಲೋ ಬಿದ್ದ, ನಾನು ಇನ್ನೆಲ್ಲೋ. ತೀರ್ಪುಗಾರರಲ್ಲಿ ವಯಸ್ಸಾದವರೊಬ್ಬರು ಕೈ ಎತ್ತಿ ನಿಲ್ಲಿಸಿ, "ಹೆದರ್ಬೇಡಿ, ಮೊದಲಿಂದ ಹಾಡಿ" ಎಂದರು. ಎರಡನೇ ಸಲವೂ ಅಲ್ಲಿಯೇ ಮುಗ್ಗರಿಸಿತು. ಅವರು ಬೆರಳಲ್ಲಿ ಎಣಿಸಿ ಹೇಳಿದರು: "ನಿಮ್ಮ ಹಾಡಲ್ಲಿ ಈ ಜಾಗಕ್ಕೆ ಎರಡು ಎಣಿಕೆ ಹೆಚ್ಚು ಬೇಕು. ಮನುಷ್ಯ ಬಾರಿಸಿದ್ರೆ ಕಾಯ್ತಾನೆ, ಮಿಷನ್ ಕಾಯಲ್ಲ. ಇದಕ್ಕೆ ಮೊದಲು ಬಾರಿಸ್ತಿದ್ದೋರು ಯಾರು?"

ನಾನು ಕೈ ಚಾಚಿ ಕೀಬೋರ್ಡಿನ ಸ್ವಿಚ್ಚು ಆರಿಸಿದೆ. ಅಷ್ಟು ತಿಂಗಳು ಓಬಳೇಶ ಉಸಿರು ಎಳೆದುಕೊಳ್ಳಲಿ ಎಂದು ನರಸಣ್ಣ ಅಲ್ಲಿ ಎರಡು ಎಣಿಕೆ ಹಿಡಿದು ನಿಲ್ಲುತ್ತಿದ್ದ. ನಾವು ಯಾರೂ ಎಣಿಸಿರಲೇ ಇಲ್ಲ. ಅದು ನನ್ನ ರಾಗ, ನನ್ನ ಹಾಡು ಎಂದುಕೊಂಡಿದ್ದೆ. ಅದು ನಿಂತಿದ್ದದ್ದು ಅವನ ಕೈಯ ಮೇಲೆ.

ಆ ಭಾನುವಾರದೊಂದಿಗೆ ನಾದಸಾಗರ ಬತ್ತಿತು. ಜಗಳವಾಗಲಿಲ್ಲ. ಮುಂದಿನ ವಾರ ಬೀಗ ತೆಗೆಯಿರಿ ಎಂದು ಯಾರೂ ಕೇಳಲಿಲ್ಲ, ನಾನೂ ತೆಗೆಯಲಿಲ್ಲ, ಅಷ್ಟೆ. ನಾನು ಹದಿನೈದು ದಿನ ಒದ್ದಾಡಿ, ತಡೆಯಲಾರದೆ ಮತ್ತೆ ಮೊಳಕಾಲ್ಮೂರಿಗೆ ಹೋದೆ. ನರಸಣ್ಣ ಅಜ್ಜನ ಮಗ್ಗದಲ್ಲಿದ್ದ. ಹೊರಗೆ ಬಂದು, ನಾನು ತಪ್ಪಾಯ್ತು ಎನ್ನುವುದನ್ನು ಪೂರ್ತಿ ಹೇಳಲೂ ಬಿಡದೆ, "ಹಾಡು ಒಳ್ಳೇದು ಮಂಜಣ್ಣ, ಅದನ್ನ ಬಿಡ್ಬೇಡ್ರಿ" ಎಂದ. "ಭಾನುವಾರ ಆಗಲ್ಲ ನಂಗೆ. ಅಮಾಸೆ ದಿನ ಬರ್ರಿ. ಅಮಾಸೆ ನಾವು ಮಗ್ಗ ಮುಟ್ಟಲ್ಲ. ಅವತ್ತೆಲ್ಲ ಕೂತ್ಕಂಡು ಬಾರಿಸಣ, ಇಬ್ರೇ ಆದ್ರೂ ಸರಿ."

ಅಮಾವಾಸ್ಯೆ ಯಾವ ವಾರ ಬರುತ್ತದೋ ಏನೋ, ಮಂಡಿಯಲ್ಲಿ ಶೇಂಗಾ ಆವಕ ಬೇರೆ ಜೋರು. "ನೋಡ್ತೀನಿ" ಎಂದೆ.

ನೋಡಲಿಲ್ಲ. ಮುಂದಿನ ತಿಂಗಳು ಹೋಗೋಣವೆಂದುಕೊಂಡೆ. ಅದರ ಮುಂದಿನ ತಿಂಗಳು ಹೆಣ್ಣು ನೋಡಲು ಹೋಗುವುದಿತ್ತು. ಮದುವೆಯಾಯಿತು, ಕೀಬೋರ್ಡು ಅಟ್ಟ ಸೇರಿತು, ಮಗಳು ಹುಟ್ಟಿದಳು, ಹತ್ತಿರ ಹತ್ತಿರ ನೂರು ಅಮಾವಾಸ್ಯೆ ಕಳೆದಿರಬೇಕು. ಒಂದಕ್ಕೂ ನಾನು ಹೋಗಲಿಲ್ಲ.

ಇಷ್ಟು ಬರೆದ ಮೇಲೆ ಮುಂದೆ ಕೈ ಓಡದೆ, ನಿನ್ನೆ ಸಂಜೆ ಆ ಹಳೆಯ ನಂಬರಿಗೆ ಫೋನು ಮಾಡಿದೆ. ನಂಬರು ಬದಲಾಗಿರಲಿಲ್ಲ. ಲಕ್ಷ್ಮಕ್ಕ ಎತ್ತಿಕೊಂಡಳು. ಯಾರು ಎಂದು ಹೇಳಿದಾಗ "ಬದುಕಿದೀಯೇನಪ್ಪ!" ಎಂದಳು. ಆಮೇಲೆ ತಾನಾಗಿಯೇ ಹೇಳಿದಳು: "ಆ ವರ್ಷವೆಲ್ಲ ಅಮಾಸೆ ಬಂತು ಅಂದ್ರೆ ಇವ್ರು ಊರು ಬಿಟ್ಟು ಕದಲ್ತಿರ್ಲಿಲ್ಲ. ನಮ್ಮ ತಂಗಿ ಮಗಳ ನಾಮಕರಣಕ್ಕೂ ಬರ್ಲಿಲ್ಲ. ಮಂಜಣ್ಣ ನೋಡ್ತೀನಿ ಅಂದವ್ನೆ, ಬಂದ್ಬಿಟ್ರೆ ಅಂತ."

ನೋಡ್ತೀನಿ ಅಂದರೆ ಬರಲ್ಲ ಅಂತ ಚಳ್ಳಕೆರೆಯಲ್ಲಿ ಎಲ್ಲರಿಗೂ ಗೊತ್ತು. ಅದನ್ನೂ ಮಾತು ಎಂದು ತಿಳಿದು ಒಬ್ಬ ಮನುಷ್ಯ ವರ್ಷವಿಡೀ ಮನೆಯಲ್ಲಿ ಕೂತಿದ್ದ.

ಅಷ್ಟರಲ್ಲಿ ನರಸಣ್ಣ ಫೋನು ಇಸಕೊಂಡ. ದನಿ ಸ್ವಲ್ಪ ಒಡೆದಿದೆ, ವಯಸ್ಸಾಗಿದೆ. ಮನೆ, ಮಕ್ಕಳು, ಮಳೆ ಎಲ್ಲ ವಿಚಾರಿಸಿದ. ದಾದು ಹೆಂಗವ್ನೆ, ಓಬಳೇಶನ ಅಪ್ಪನ ಮಂಡಿ ಹೆಂಗೈತೆ ಎಂದು ಕೇಳಿದ. ಕೊನೆಗೆ, ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನನ್ನು ಏಕವಚನದಲ್ಲಿ ಕರೆದು, "ಮಂಜಾ, ಬರೋ ಸೋಮವಾರ ಅಮಾಸೆ" ಎಂದ. "ನೋಡ್ತೀನಿ ಅನ್ಬೇಡ. ಬರ್ತೀಯೋ, ಬರಲ್ವೋ, ಎರಡ್ರಲ್ಲಿ ಒಂದು ಹೇಳು."

"ಬರ್ತೀನಿ" ಎಂದೆ.

ಸೋಮವಾರ ಮಂಡಿಯಲ್ಲಿ ಈರುಳ್ಳಿ ಹರಾಜು, ಧಣಿ ರಜೆ ಕೊಡುವ ದಿನವಲ್ಲ. ಇವತ್ತು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ರಜೆ ಚೀಟಿ ಬರೆದು ಅವರ ಮೇಜಿನ ಮೇಲಿಟ್ಟು ಬಂದೆ. ಹುಷಾರಿಲ್ಲ ಎಂದು ಬರೆಯಬಹುದಿತ್ತು, ನೆಂಟರ ಮದುವೆ ಎನ್ನಬಹುದಿತ್ತು. ಕಾರಣ ಎಂಬಲ್ಲಿ 'ಪ್ರಾಕ್ಟೀಸು' ಎಂದು ಬರೆದಿದ್ದೇನೆ.